ಕಿಲ್ತಾನಿಗೆ ಹಡಗು ಯಾವಾಗ?

ಮಂಗಳೂರಿನ ಹಳೆ ಬಂದರಿನ ಕಟ್ಟೆಯಿಂದ ನೈಋತ್ಯಕ್ಕೆ ಒಂದು ಗೆರೆ ಎಳೆದರೆ ಸುಮಾರು 250 ಕಿಲೋಮೀಟರಿಗೆ ಲಕ್ಷದ್ವೀಪದ ಕಿಲ್ತಾನ್ ದ್ವೀಪ ಸಿಗುತ್ತದೆ. ರಸ್ತೆಯ ಲೆಕ್ಕದಲ್ಲಿ ಬೆಂಗಳೂರು ಇದಕ್ಕಿಂತ ನೂರು ಕಿಲೋಮೀಟರ್ ಹೆಚ್ಚು ದೂರ. ಬೆಂಗಳೂರಿಗೆ ಹೋಗುವವರು ರಾತ್ರಿ ಊಟ ಮುಗಿಸಿ ಬಸ್ಸು ಹತ್ತುತ್ತಾರೆ, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾರೆ. ಕಿಲ್ತಾನಿಗೆ ಹೋಗುವವರು ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಹಡಗು ಯಾವ ದಿನ? ಏಪ್ರಿಲ್ ಕೊನೆಯ ವಾರ ನಾನು ಬಂದರಿನ ಓಣಿಗಳಲ್ಲಿ ಓಡಾಡಿದಾಗ ಆ ಪ್ರಶ್ನೆಗೆ ಖಚಿತ ಉತ್ತರ ಕೊಡುವವರು ಒಬ್ಬರೂ ಸಿಗಲಿಲ್ಲ.

ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು ಇಳಿಜಾರಿನಲ್ಲಿ ನಡೆದರೆ ಬಂದರು ಮೂಗಿಗೆ ಮೊದಲು ಗೊತ್ತಾಗುತ್ತದೆ. ಒಣಮೆಣಸು, ಕೊಬ್ಬರಿ, ಡೀಸೆಲ್, ಮೀನಿನ ದಕ್ಕೆಯ ಐಸು. ಬೆಳಗಿನ ಹೊತ್ತಿಗೇ ಫಲ್ಗುಣಿಯ ದಂಡೆಗೆ ಒತ್ತಿಕೊಂಡು ಮಂಜಿಗಳು ನಿಂತಿದ್ದವು. ಮರದ ಹೊಟ್ಟೆಯ ಈ ಸರಕು ಹಡಗುಗಳಿಗೆ ಹಾಯಿ ಹೋಗಿ ಎಂಜಿನ್ ಬಂದು ಎಷ್ಟೋ ಕಾಲವಾಯಿತು. ಕೆಲಸ ಮಾತ್ರ ಅದೇ: ದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಒಯ್ಯುವುದು. ಹವಳದ ದಿಬ್ಬದ ಮೇಲೆ ಮನೆ ಕಟ್ಟಲು ಕಲ್ಲೂ ಇಲ್ಲಿಂದಲೇ ಹೋಗಬೇಕು. ಕೂಲಿಗಳು ಈರುಳ್ಳಿ ಚೀಲಗಳನ್ನು ಹೊತ್ತು ಹಲಗೆಯ ಮೇಲೆ ಓಡುತ್ತಿದ್ದರು. ಮೇ 15ರ ಒಳಗೆ ಮುಗಿಯಬೇಕು ಎಂಬ ಅವಸರ ಆ ಓಟದಲ್ಲಿತ್ತು. ಆಮೇಲೆ ಸೆಪ್ಟೆಂಬರ್ 15ರವರೆಗೆ ಹಳೆ ಬಂದರಿನಿಂದ ಮಂಜಿ ಹೊರಡುವಂತಿಲ್ಲ. ಮಳೆಗಾಲದ ಕಡಲಿಗೆ ಆ ನಾಲ್ಕು ತಿಂಗಳು ಬಿಟ್ಟುಕೊಟ್ಟದ್ದು.

ಈರುಳ್ಳಿಗೆ ಹಡಗು ಉಂಟು, ಮನುಷ್ಯರಿಗೆ? ಇದನ್ನು ನನಗೆ ಕೇಳಿದವರು ಓಣಿಯೊಂದರ ಲಾಡ್ಜಿನ ಜಗಲಿಯಲ್ಲಿ ಕೂತಿದ್ದ ಕಿಲ್ತಾನಿನ ಒಬ್ಬ ಮೀನುಗಾರರು. ಒಳಗಿನ ಮಂಚದಲ್ಲಿ ಅವರ ತಾಯಿ. ದೇರಳಕಟ್ಟೆಯ ಆಸ್ಪತ್ರೆಯಲ್ಲಿ ಸೊಂಟದ ಶಸ್ತ್ರಚಿಕಿತ್ಸೆ ಮುಗಿದು, ಮನೆಗೆ ಕರೆದೊಯ್ಯಬಹುದು ಎಂದು ವೈದ್ಯರು ಹೇಳಿ ವಾರ ಕಳೆದಿತ್ತು. ದ್ವೀಪದ ಮಲಯಾಳ ನನಗೆ ಅರ್ಧ ಮಾತ್ರ ಅರ್ಥವಾಗುತ್ತದೆ. ಎದುರಿನ ಅಂಗಡಿಯ ಬ್ಯಾರಿ ಹಿರಿಯರು ಉಳಿದರ್ಧ ತುಂಬಿಕೊಟ್ಟರು. ಅವರ ಬ್ಯಾರಿ ಭಾಷೆಗೂ ದ್ವೀಪದ ಮಾತಿಗೂ ನಡುವೆ ಅಂಥ ಗೋಡೆಯೇನೂ ಇದ್ದಂತಿರಲಿಲ್ಲ. ಇಬ್ಬರೂ ಒಬ್ಬರ ವಾಕ್ಯವನ್ನು ಇನ್ನೊಬ್ಬರು ಮುಗಿಸುತ್ತಿದ್ದರು.

ಹಡಗಿನವರು ಮೊದಲು 'ನಾಡಿದ್ದು' ಅಂದರಂತೆ. ನಾಡಿದ್ದಿನ ದಿನ 'ಕಡಲು ಎದ್ದಿದೆ, ನೋಡುವ' ಅಂದರು. ಆಮೇಲೆ ಹಡಗು ಬೇರೆ ದ್ವೀಪಗಳ ನಡುವೆ ಓಡುತ್ತಿದೆ ಎಂಬ ಸುದ್ದಿ. ಫೋನಿನಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೌದೆನ್ನುವುದಿಲ್ಲ. ಲಾಡ್ಜಿನ ಬಾಡಿಗೆ, ಮೂರು ಹೊತ್ತಿನ ಊಟ, ತಾಯಿಯ ಮಾತ್ರೆ, ಅತ್ತ ದ್ವೀಪದಲ್ಲಿ ದುಡಿಮೆಯಿಲ್ಲದೆ ನಿಂತ ದೋಣಿ. "ಕಡಲು ಎದ್ದರೆ ನಮಗೂ ಗೊತ್ತಾಗುತ್ತದೆ, ನಾವು ಕಡಲಿನವರೇ. ಬರುವುದಿಲ್ಲ ಅಂತಾದರೂ ಸರಿಯಾಗಿ ಹೇಳಬೇಕಲ್ಲ?" ಅಂದರು. ದನಿ ಏರಲಿಲ್ಲ. ಅವರ ಹಿಂದೆ ಜಗಲಿಯುದ್ದಕ್ಕೂ ಹಗ್ಗ ಬಿಗಿದ ಪೆಟ್ಟಿಗೆಗಳು, ಒಂದು ಹೊಸ ಮಿಕ್ಸಿ, ಮಕ್ಕಳ ಸೈಕಲ್ಲು. ಅವೆಲ್ಲ ಬೇರೆ ಬೇರೆ ಮನೆಯವರದ್ದು, ಎಲ್ಲರೂ ಕಾಯುವವರೇ.

ಈ ಜನ ಮಂಗಳೂರಿಗೆ ಹೊಸಬರಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಈ ಐದು ದ್ವೀಪಗಳು 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿ ಸರ್ಕಾರದ ಕೈಗೆ ಬಂದವು, ಮುಂದೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದವು. ಅವರ ತೆಂಗಿನ ನಾರು ಬಂದು ಇಳಿಯುತ್ತಿದ್ದುದು ಇದೇ ಕಟ್ಟೆಗೆ, ಅಕ್ಕಿ ಹೊರಡುತ್ತಿದ್ದುದು ಇದೇ ಕಟ್ಟೆಯಿಂದ. 1956ರ ನವೆಂಬರ್ 1ರಂದು ನಮ್ಮ ರಾಜ್ಯ ಒಂದಾದ ದಿನವೇ ಆ ದ್ವೀಪಗಳು ನಮ್ಮ ಜಿಲ್ಲೆಯಿಂದ ಬೇರೆಯಾಗಿ ಕೇಂದ್ರಾಡಳಿತಕ್ಕೆ ಹೋದವು. ಕಚೇರಿ ಬೇರೆಯಾಯಿತು, ಆಸ್ಪತ್ರೆ, ಕಾಲೇಜು, ಮದುವೆಯ ಜವಳಿಗೆ ಮಂಗಳೂರೇ ಉಳಿಯಿತು. ನಡುವೆ ಎಷ್ಟೋ ವರ್ಷ 'ಅಮೀನಿದಿವಿ', 'ಮಿನಿಕಾಯ್' ಎಂಬ ಪುಟ್ಟ ಪ್ರಯಾಣಿಕ ಹಡಗುಗಳು ಇಲ್ಲಿಗೆ ಬಂದುಹೋಗುತ್ತಿದ್ದವು. ಕೋವಿಡ್ ಬಂದಾಗ ಅದೂ ನಿಂತಿತು.

ಹಾಗಾಗಿ 2024ರ ಮೇ ತಿಂಗಳ ಮೊದಲ ವಾರ 'ಪರಳಿ' ಎಂಬ ವೇಗದ ಹಡಗು ಸುಮಾರು 160 ಜನರನ್ನು ಹೊತ್ತು ಹಳೆ ಬಂದರಿಗೆ ಬಂದಾಗ ಓಣಿಯೆಲ್ಲ ಕಟ್ಟೆಗೆ ಓಡಿತ್ತಂತೆ. ಮೊದಲು ಹದಿಮೂರು ಗಂಟೆ ಹಿಡಿಯುತ್ತಿದ್ದ ದಾರಿಯನ್ನು ಅದು ಏಳು ಗಂಟೆಯಲ್ಲಿ ಮುಗಿಸಿತ್ತು. ಪತ್ರಿಕೆಗಳು ಆ ಏಳನ್ನೇ ದಪ್ಪಕ್ಷರದಲ್ಲಿ ಹಾಕಿದವು. ಅದೇ ವರ್ಷ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿಬಂದದ್ದರಿಂದ ಪ್ರವಾಸೋದ್ಯಮದ ಕನಸೂ ಬಿಸಿಯಾಗಿತ್ತು. ಹಡಗಿಗೆ ಹೆಸರು ಕೊಟ್ಟ ಪರಳಿ ಎನ್ನುವುದು ಬಂಗಾರಂ ಬಳಿಯ ಜನವಸತಿಯಿಲ್ಲದ ನಡುಗಡ್ಡೆಗಳ ಗುಂಪು. ಅದರಲ್ಲಿ ಒಂದು ಸಮುದ್ರಕೊರೆತಕ್ಕೆ ಸಿಕ್ಕಿ ಪೂರ್ತಿ ಇಲ್ಲವಾಗಿದೆ ಎಂದು 2017ರಲ್ಲಿ ಅಧ್ಯಯನವೊಂದು ತೋರಿಸಿತು. ಕಡಲು ಈ ಜನರಿಂದ ಎಷ್ಟು ಬೇಗ ಕಿತ್ತುಕೊಳ್ಳಬಲ್ಲದು ಎನ್ನುವುದು ಅವರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ಆದರೆ ಏಳು ಗಂಟೆ ಎನ್ನುವುದು ಹಡಗು ಕಟ್ಟೆ ಬಿಟ್ಟ ಮೇಲಿನ ಲೆಕ್ಕ. ಲಾಡ್ಜಿನ ಜಗಲಿಯಲ್ಲಿ ಕೂತವರ ಪ್ರಯಾಣ ಆಸ್ಪತ್ರೆಯ ಬಾಗಿಲು ದಾಟಿದ ಕ್ಷಣದಿಂದಲೇ ಶುರುವಾಗಿರುತ್ತದೆ. ಐದು ದಿನ ಕಾದು ಏಳು ಗಂಟೆ ಹೋದರೆ ಅದು ಐದು ದಿನದ ಪ್ರಯಾಣ. ಹದಿಮೂರು ಗಂಟೆಯ ಹಳೆ ಹಡಗು ಬುಧವಾರ ಎಂದರೆ ಬುಧವಾರವೇ ಬರುವುದಾದರೆ ಈ ತಾಯಿಗೆ ಅದೇ ಹೆಚ್ಚು ವೇಗದ್ದು. ಹೊಸ ಹಡಗಿನ ಮಾತು ಬಂದಾಗಲೆಲ್ಲ ನಾವು ವೇಗವನ್ನು ಕೇಳುತ್ತೇವೆ. ದ್ವೀಪದವರು ದಿನವನ್ನು ಕೇಳುತ್ತಾರೆ.

ಸೌಕರ್ಯದ ಬಗ್ಗೆ ನನಗೆ ಸ್ವಂತ ಅನುಭವ ಉಂಟು. ಕೆಲ ವರ್ಷಗಳ ಹಿಂದೆ ದ್ವೀಪದಿಂದ ದ್ವೀಪಕ್ಕೆ ಓಡುವ ಇಂಥದೇ ವೇಗದ ಹಡಗೊಂದರಲ್ಲಿ ಕೂತಿದ್ದೆ. ಲಗೂನಿನ ಹಸಿರು ನೀರಿನಲ್ಲಿ ಅದು ಜಾರುವಾಗ ಯಾರಿಗೂ ಮಾತು ಹೊರಡದಷ್ಟು ಸೊಗಸು. ಹವಳದ ದಂಡೆ ದಾಟಿ ಕಡುನೀಲಿಗೆ ಬಿದ್ದ ಮರುಗಳಿಗೆ ಮೂತಿ ಮೇಲೆದ್ದು ನೀರಿಗೆ ಬಡಿಯಿತು. ಮತ್ತೆ ಎದ್ದಿತು, ಮತ್ತೆ ಬಡಿಯಿತು. ಭಾರದ ದೊಡ್ಡ ಹಡಗು ಅಲೆಯನ್ನು ಸೀಳಿಕೊಂಡು ನಿಧಾನ ಹೊರಳುತ್ತದೆ. ಹಗುರ ಒಡಲಿನ ವೇಗದ ಹಡಗು ಅಲೆಯಿಂದ ಅಲೆಗೆ ಕುಪ್ಪಳಿಸುತ್ತದೆ, ಪ್ರತಿ ಕುಪ್ಪಳಿಕೆಯೂ ಬೆನ್ನುಹುರಿಗೆ ಬರುತ್ತದೆ. ಕಿಟಕಿ ತೆರೆಯುವಂತಿಲ್ಲ. ಗಾಜಿನ ಮೇಲೆ ಉಪ್ಪು ಕಟ್ಟಿ ಹೊರಗಿನ ಗೆರೆ ಕಾಣುವುದಿಲ್ಲ, ದಿಗಂತ ಕಾಣದಿದ್ದರೆ ಹೊಟ್ಟೆ ತೊಳಸುವುದು ಇನ್ನೂ ಜಾಸ್ತಿ. ಏಸಿಯ ಚಳಿ. ಡೆಕ್ಕಿಗೆ ಹೋಗಿ ಗಾಳಿ ಕುಡಿಯುವ ದಾರಿಯಿಲ್ಲ. ಅರ್ಧ ಗಂಟೆಯೊಳಗೆ ಸಾಲುಸಾಲಾಗಿ ವಾಂತಿಯ ಚೀಲಗಳು ಕೈಬದಲಾದವು. ಮುದುಕಿಯೊಬ್ಬರು ಸೀಟು ಬಿಟ್ಟು ಎರಡು ಸಾಲಿನ ನಡುವಿನ ನೆಲಕ್ಕೆ ಸೀರೆ ಹಾಸಿ ಮಲಗಿಬಿಟ್ಟರು. ಅಡ್ಡಾಗಲು ಆ ಹಡಗಿನಲ್ಲಿ ಬೇರೆ ಜಾಗವೇ ಇರಲಿಲ್ಲ. ಬರೀ ಒಂದೆರಡು ತಾಸಿನ ದಾರಿ ಅದು. ಸೊಂಟದಲ್ಲಿ ಹೊಸ ಹೊಲಿಗೆ ಇರುವವರು ಏಳು ಗಂಟೆ ಹಾಗೆ ಕೂರಬೇಕು ಎಂದರೆ ನನಗೆ ಯೋಚಿಸಲೂ ಕಷ್ಟವಾಗುತ್ತದೆ.

ಕಡಮತ್‌ನ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ ಅದೇ ಲಾಡ್ಜಿನಲ್ಲಿ ತನ್ನ ಅಣ್ಣನಿಗಾಗಿ ಕಾಯುತ್ತಿದ್ದಳು. ಅವಳ ಮಾತು ಚುರುಕು. "ರಜೆ ಹತ್ತು ದಿನ ಕೊಡ್ತಾರೆ. ಹೋಗ್ಲಿಕ್ಕೆ ಹಡಗು ಸಿಕ್ಕಿದ್ರೂ ಬರ್ಲಿಕ್ಕೆ ಸಿಗ್ತದೆ ಅಂತ ಯಾರು ಹೇಳ್ತಾರೆ? ಪರೀಕ್ಷೆ ತಪ್ಪಿದ್ರೆ ವರ್ಷ ಹೋಯ್ತು." ಹಾಗೆ ಅವಳು ಹಬ್ಬಕ್ಕೂ ಹಾಸ್ಟೆಲಿನಲ್ಲೇ ಉಳಿದಿದ್ದಳು.

ಹಡಗು ಯಾಕೆ ಹೀಗೆ ದಿನ ತಪ್ಪುತ್ತದೆ ಎಂದು ಕಣ್ಣಾರೆ ನೋಡಲು ಮಧ್ಯಾಹ್ನ ಹೊಳೆಯಾಚೆಯ ಬೆಂಗ್ರೆಗೆ ಹೋಗುವ ದೋಣಿ ಹತ್ತಿದೆ. ಇದು ಊರಿನ ದಿನನಿತ್ಯದ ದೋಣಿ. ಶಾಲೆಯ ಮಕ್ಕಳು, ಮೀನಿನ ಬುಟ್ಟಿ ಖಾಲಿ ಮಾಡಿ ಮನೆಗೆ ಹೊರಟ ಹೆಂಗಸರು, ತುಳು, ಬ್ಯಾರಿ, ಕನ್ನಡ ಎಲ್ಲ ಒಂದೇ ಹಲಗೆಯ ಮೇಲೆ. ತಪ್ಪಿದರೆ ಕೂಳೂರು, ಪಣಂಬೂರು ಸುತ್ತಿಕೊಂಡು ರಸ್ತೆಯಲ್ಲಿ ಹೋಗಬೇಕು. ಆದರೆ ತಪ್ಪುವ ಭಯ ಯಾರ ಮುಖದಲ್ಲೂ ಇಲ್ಲ, ಯಾಕೆಂದರೆ ಇನ್ನೊಂದು ದೋಣಿ ಹಿಂದೆಯೇ ಉಂಟು. ಕೆಲವೇ ನಿಮಿಷದಲ್ಲಿ ಆಚೆ ದಡ. ಅಲ್ಲಿಂದ ಮರಳಿನ ನಾಲಿಗೆಯುದ್ದಕ್ಕೂ ತೆಂಕಣಕ್ಕೆ ನಡೆದರೆ ಅಳಿವೆ ಬಾಗಿಲು.

ನೇತ್ರಾವತಿ, ಫಲ್ಗುಣಿ ಎರಡೂ ಕೂಡಿ ಕಡಲು ಸೇರುವ ಜಾಗ ಇದು. ಎದುರಿಗೆ ಉಳ್ಳಾಲದ ಕೋಟೆಪುರ. ಎರಡೂ ಬದಿಗೆ ಬಂಡೆ ಸುರಿದು ತಡೆಗೋಡೆ ಚಾಚಿದ್ದಾರೆ. ಘಟ್ಟದಿಂದ ಹೊಳೆಗಳು ಹೊತ್ತು ತಂದ ಹೂಳನ್ನು ಕಡಲಿನ ಅಲೆ ಒಳಕ್ಕೆ ನೂಕುತ್ತದೆ, ನಡುವೆ ಮರಳಿನ ದಿಬ್ಬ ಏಳುತ್ತದೆ. ಡ್ರೆಜ್ಜರ್ ತೆಗೆದರೆ ಮುಂದಿನ ಮಳೆಗೆ ಮತ್ತೆ ತುಂಬುತ್ತದೆ. ಉಬ್ಬರದಲ್ಲಿ ಸಲೀಸಾಗಿ ದಾಟುವ ಹಡಗಿಗೆ ಇಳಿತದಲ್ಲಿ ತಳ ತಾಗುವ ಹೆದರಿಕೆ. ಇಲ್ಲಿ ತಲೆಕೆಳಗಾದ ಮೀನುದೋಣಿಗಳ ಕಥೆ ಬೆಂಗ್ರೆಯ ಮಕ್ಕಳಿಗೂ ಗೊತ್ತು. ಇದರ ಮೇಲೆ ಏಪ್ರಿಲ್, ಮೇ ತಿಂಗಳಿನ 'ಕಳ್ಳಕಡಲು': ದಕ್ಷಿಣ ಹಿಂದೂ ಮಹಾಸಾಗರದಲ್ಲೆಲ್ಲೋ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ಸಾಗಿ ಬಂದು, ಇಲ್ಲಿ ಗಾಳಿಯೇ ಇಲ್ಲದ ದಿನವೂ ದಡಕ್ಕೆ ಹೊಡೆಯುತ್ತದೆ. ಪರಳಿ ಬಂದ ಆ 2024ರ ಮೇ ಮೊದಲ ವಾರದಲ್ಲೇ ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್ಕಾಯಿಸ್ ಇದರ ಎಚ್ಚರಿಕೆ ಕೊಟ್ಟಿತ್ತು. ತಡೆಗೋಡೆಯ ತುದಿಯಲ್ಲಿ ಗಾಳ ಹಾಕುತ್ತಿದ್ದವರೊಬ್ಬರು ಕೈ ತೋರಿಸಿ, "ಆ ಬಿಳಿ ನೊರೆ ಕಾಣ್ತದಲ್ಲ, ಅಲ್ಲಿ ದಿಬ್ಬ" ಅಂದರು. ಅಲೆ ಅಲ್ಲೇ ಎದ್ದು ಅಲ್ಲೇ ಒಡೆಯುತ್ತಿತ್ತು.

ಇಷ್ಟು ನೋಡಿದ ಮೇಲೆ ಹಡಗು ನಿಲ್ಲಿಸುವ ಕ್ಯಾಪ್ಟನ್ನರ ಮೇಲೆ ನನಗೆ ಸಿಟ್ಟಿಲ್ಲ. ಕಡಲು ಬಿಡದ ದಿನ ಬಿಡಬಾರದು. ನನ್ನ ಸಿಟ್ಟು ಇರುವುದು ಆ ನಿರ್ಧಾರ ಜಗಲಿಯ ತನಕ ಬಂದು ಮುಟ್ಟದಿರುವುದರ ಮೇಲೆ. ಅಲೆಯ ಮುನ್ಸೂಚನೆ ದಿನಗಳ ಮುಂಚೆ ಸಿಗುವ ಕಾಲ ಇದು. ಹೊರಡುವ ದಿನ, ರದ್ದಾದರೆ ಬದಲಿ ದಿನ, ಎರಡನ್ನೂ ಮಲಯಾಳ, ಕನ್ನಡದಲ್ಲಿ ಒಂದು ಫಲಕದ ಮೇಲೆ ಬರೆಯಲು ಕೋಟಿಗಟ್ಟಲೆ ಹಣ ಬೇಡ. ಸಾಗರಮಾಲಾ ಯೋಜನೆಯಲ್ಲಿ ಲಕ್ಷದ್ವೀಪದ ಹಡಗುಗಳಿಗೆಂದೇ ಇಲ್ಲಿ ಜೆಟ್ಟಿ ಕಟ್ಟುವ ಕೆಲಸ ಕೈಗೆತ್ತಿಕೊಂಡಿದ್ದಾರೆ, ಸಂತೋಷ. ಆ ಕಾಂಕ್ರೀಟಿನ ಜೊತೆಗೆ ನೆರಳಿರುವ, ಶೌಚಾಲಯವಿರುವ ಒಂದು ಕಾಯುವ ಕೋಣೆ ಬೇಕು. ಹಡಗಿನಲ್ಲಿ ಕೊನೆಯ ಎರಡು ಸಾಲು ಸೀಟು ತೆಗೆದು ರೋಗಿಗಳಿಗೆ ಮಂಚ ಹಾಕಬೇಕು. ಮಂಗಳೂರಿನ ಆಸ್ಪತ್ರೆಗಳಿಗೆ ಬಂದುಹೋಗುವ ಜನ ಹತ್ತುವ ಹಡಗು ಅದು. ವಿಹಾರಕ್ಕೆ ಹೋಗುವವರು ಅದೇ ಹಡಗಿನಲ್ಲಿ ಹೋಗಲಿ, ಬೇಡ ಅನ್ನುವುದಿಲ್ಲ, ಆದರೆ ಸೀಟು ಹಂಚುವಾಗ ಮೊದಲ ಹಕ್ಕು ಮನೆಗೆ ಮರಳುವವರದು.

ದ್ವೀಪಗಳ ಹಡಗು ಸಂಚಾರವನ್ನೆಲ್ಲ ಕೊಚ್ಚಿಯೊಂದರ ಮೇಲೆಯೇ ಹೊರಿಸಿದರೆ ಏನಾಗುತ್ತದೆ ಎಂದು 2021ರ ಡಿಸೆಂಬರ್ ತೋರಿಸಿದೆ. 700 ಜನ ಹಿಡಿಸುವ 'ಕವರತ್ತಿ' ಹಡಗಿನ ಎಂಜಿನ್ ಕೋಣೆಗೆ ನಡುಗಡಲಿನಲ್ಲಿ ಬೆಂಕಿ ಬಿತ್ತು. ಪ್ರಯಾಣಿಕರು ಪಾರಾದರು, ಹಡಗನ್ನು ಎಳೆದು ತರಬೇಕಾಯಿತು. ಅಂಥ ದೊಡ್ಡ ಹಡಗೊಂದು ಕೆಲಸ ನಿಲ್ಲಿಸಿದಾಗ ಇಡೀ ದ್ವೀಪಸಮೂಹದ ದಾರಿ ಇರುಕಾಗುತ್ತದೆ. ಬಡಗಣ ದ್ವೀಪಗಳಿಗೆ ಮಂಗಳೂರಿನ ಬಾಗಿಲು ತೆರೆದಿರಬೇಕು ಎನ್ನುವುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ನನಗೆ ಬೇಕಾಗಿಲ್ಲ.

ಸಂಜೆ ಈಚೆ ದಡಕ್ಕೆ ಬಂದಾಗ ಕಿಲ್ತಾನಿನವರು ಪೆಟ್ಟಿಗೆ ಕಟ್ಟುತ್ತಿದ್ದರು. ಇನ್ನು ಕಾಯುವುದಿಲ್ಲ, ರೈಲಿನಲ್ಲಿ ಎರ್ನಾಕುಲಂಗೆ ಹೋಗಿ ಅಲ್ಲಿಂದ ದೊಡ್ಡ ಹಡಗು ಹಿಡಿಯುತ್ತೇವೆ ಅಂದರು. ನೆಲದ ಮೇಲೆ ತೆಂಕಣಕ್ಕೆ ನಾನೂರಕ್ಕೂ ಹೆಚ್ಚು ಕಿಲೋಮೀಟರ್, ಆಮೇಲೆ ಕಡಲಿನಲ್ಲಿ ಮತ್ತೆ ಹೆಚ್ಚುಕಡಿಮೆ ಅಷ್ಟೇ. ಅಂಗಡಿಯ ಹಿರಿಯರು ಆಟೋ ಕರೆದರು. ನಾನು ಸೈಕಲ್ಲು, ಮಿಕ್ಸಿಯ ಪೆಟ್ಟಿಗೆ ಹಿಡಿದುಕೊಂಡು ಮಂಗಳೂರು ಸೆಂಟ್ರಲ್ ತನಕ ಹೋದೆ; ಅವು ನೆರೆಮನೆಯವರದ್ದು, ಹೇಗೂ ಅದೇ ಊರಿಗೆ ಹೋಗಬೇಕಾದವು. ಮಲಬಾರ್ ಎಕ್ಸ್‌ಪ್ರೆಸ್ಸಿನ ಕೆಳಗಿನ ಬರ್ತ್ ತಾಯಿಗೆ ಸಿಕ್ಕಿತು, ಅವರು ಕಾಲು ಚಾಚಿ ಮಲಗಿದರು. ಆ ರೈಲು ಎರ್ನಾಕುಲಂ ಮುಟ್ಟುವುದು ನಡುರಾತ್ರಿ ಕಳೆದ ಮೇಲೆ. ಮಗ ಆಗಲೇ ಅಲ್ಲಿನ ಸಂಬಂಧಿಕರಿಗೆ ಫೋನು ಮಾಡಿ, ಗಾಲಿಕುರ್ಚಿ ಯಾವ ಪ್ಲಾಟ್‌ಫಾರ್ಮಿಗೆ ತರಬೇಕು ಎಂದು ಹೇಳುತ್ತಿದ್ದರು.