ಮ್ಯಾಲ ಎಂದು ಬರೆದ ಹುಡುಗಿ

ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಶಿಕ್ಷಕಿಯಾಗಿದ್ದಾಗಿನ ಮಾತು. ಒಂದು ದಿನ ಉಕ್ತಲೇಖನಕ್ಕೆ 'ಬೇಸಿಗೆ', 'ಮೇಲೆ', 'ಬೇಡ' ಎಂದು ಹೇಳಿದ್ದೆ. ಮೂರನೆಯ ತರಗತಿಯ ಹುಡುಗಿಯೊಬ್ಬಳು 'ಬ್ಯಾಸಿಗಿ', 'ಮ್ಯಾಲ', 'ಬ್ಯಾಡ' ಎಂದು ದುಂಡಗೆ ಬರೆದಿದ್ದಳು. ಮೂರಕ್ಕೂ ಕೆಂಪು ಗೀಟು ಎಳೆದೆ. ಸಾಲದೆಂದು ಎಲ್ಲರೆದುರು ಓದಿ ನಗಿಸಿದೆ.

"ಅಕ್ಕೋರ, ನಮ್ಮವ್ವ ಹಿಂಗ ಅಂತಾಳ್ರಿ. ಅಕೀದೂ ತಪ್ಪೇನ್ರಿ?"

ಉತ್ತರ ಕೊಡದೆ ಅವಳನ್ನು ಕೂಡಿಸಿಬಿಟ್ಟೆ. ಆ ವರ್ಷವೆಲ್ಲ ಅವಳು ತರಗತಿಯಲ್ಲಿ ಬಾಯಿ ಬಿಡಲಿಲ್ಲ.

ಮನೆಯಲ್ಲಿ ನಾನೂ 'ಮ್ಯಾಲ' ಎನ್ನುವವಳೇ. ಆ ದನಿ 'ಏ' ಅಲ್ಲ, 'ಯಾ' ಕೂಡ ಅಲ್ಲ. ಎರಡರ ನಡುವೆ ಬಾಯಿ ಅಗಲಿಸಿ ಆಡುವ ಸ್ವರ. ಕೊಪ್ಪಳ, ಗಂಗಾವತಿ, ಯಲಬುರ್ಗಾ ಎಲ್ಲೆಡೆ ಅದು ಕೇಳುತ್ತದೆ. ವರ್ಣಮಾಲೆಯಲ್ಲಿ ಮಾತ್ರ ಅದಕ್ಕೆ ಸ್ವಂತ ಅಕ್ಷರವಿಲ್ಲ. ಇಂಗ್ಲಿಷಿನಿಂದ ಬಂದ 'ಬ್ಯಾಂಕು', 'ಬ್ಯಾಟು' ಎಂಬಲ್ಲಿ ಅದೇ ದನಿಯನ್ನು ಬರೆದರೆ ಯಾವ ಮಾಸ್ತರೂ ಗೀಟು ಎಳೆಯುವುದಿಲ್ಲ. ಅವ್ವನ ಬಾಯಿಂದ ಬಂದರೆ ಮಾತ್ರ ತಪ್ಪು!

ನಮ್ಮ ಸೀಮೆ 1948ರವರೆಗೆ ನಿಜಾಮರ ರಾಜ್ಯದಲ್ಲಿತ್ತು. ಆ ಮನೆತನಕ್ಕೆ 1931ರಲ್ಲಿ ಸೊಸೆಯಾದ ದುರ್ರು ಶೆಹವಾರ್ ತುರ್ಕಿಯ ಕೊನೆಯ ಖಲೀಫರ ಮಗಳು. ಆಕೆಯ ಬಗೆಗೆ ಓದುತ್ತ ತುರ್ಕಿಯ ಅಕ್ಷರಗಳ ಕತೆಗೆ ಬಂದೆ. 1928ರಲ್ಲಿ ಆ ದೇಶ ಅರಬ್ಬಿ ಲಿಪಿ ಬಿಟ್ಟು 29 ಅಕ್ಷರಗಳ ರೋಮನ್ ಲಿಪಿ ಹಿಡಿಯಿತು. ತಮ್ಮ ದನಿಗಳಿಗೆಂದು ಅಕ್ಷರಗಳ ಮೇಲೆ ಚುಕ್ಕಿ ಇಟ್ಟರು, ಕೆಳಗೆ ಬಾಲ ಹಚ್ಚಿದರು, ಒಂದು 'ಇ'ಯ ತಲೆಯ ಚುಕ್ಕಿಯನ್ನೇ ತೆಗೆದರು. 'ಮೃದು ಗ' ಎಂಬ ಅಕ್ಷರವಂತೂ ತಾನು ಸುಮ್ಮನಿದ್ದು ಹಿಂದಿನ ಸ್ವರವನ್ನು ಎಳೆಯುತ್ತದೆ. ಬೆಟ್ಟಕ್ಕೆ 'ದಗ್' ಎಂಬಂತೆ ಬರೆದು 'ದಾ' ಎನ್ನುತ್ತಾರೆ. ನೆರೆಯ ಅಜರ್‌ಬೈಜಾನಿನವರ ವರ್ಣಮಾಲೆಯಲ್ಲಿ ಇಂಗ್ಲಿಷಿನ ಸಣ್ಣ 'ಇ'ಯನ್ನು ತಲೆಕೆಳಗು ಮಾಡಿದ ಅಕ್ಷರವೊಂದಿದೆ. ಅದರ ದನಿ ಹೆಚ್ಚುಕಡಿಮೆ ನಮ್ಮ 'ಮ್ಯಾಲ'ದ ದನಿಯೇ! ಓದಿದಾಗ ಆ ಹುಡುಗಿಯ ಮುಖ ನೆನಪಾಯಿತು.

ನಮ್ಮಲ್ಲೂ ಅಕ್ಷರಗಳು ಬಂದಿವೆ, ಹೋಗಿವೆ. ಹಳಗನ್ನಡದಲ್ಲಿ ಬದುಕು 'ಬಾೞ್', ಕತ್ತಿ 'ಬಾಳ್'. ದನಿ ಬೇರೆ, ಅಕ್ಷರ ಬೇರೆ. ನಾಲಗೆ ಆ ವ್ಯತ್ಯಾಸ ಮರೆತಿತು, 'ೞ' ಮೂಲೆಗೆ ಸರಿಯಿತು; ಈಗ ಎರಡೂ 'ಬಾಳು'. ಕೇಶಿರಾಜ ಹದಿಮೂರನೆಯ ಶತಮಾನದಲ್ಲೇ 'ಶಬ್ದಮಣಿದರ್ಪಣ'ದಲ್ಲಿ ಇದನ್ನು ವಿವರಿಸಬೇಕಾಯಿತು. ಕಂಪ್ಯೂಟರಿನ ಯೂನಿಕೋಡ್ ಪಟ್ಟಿಯಲ್ಲಿ ಈ 'ೞ'ಕ್ಕೆ ತಪ್ಪಾಗಿ 'ಫ' ಎಂಬ ಹೆಸರು ಬಿದ್ದು, ಆಮೇಲೆ ತಿದ್ದುಪಡಿಯ ಹೆಸರನ್ನು ಸೇರಿಸಬೇಕಾಯಿತು. ಬಲ್ಲವರೂ ತಪ್ಪುತ್ತಾರೆ.

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳು ಇರುವ ಊರುಗಳಲ್ಲಿ ಕೊಪಣವನ್ನು, ಅಂದರೆ ನಮ್ಮ ಕೊಪ್ಪಳವನ್ನು ಹೆಸರಿಸಿದೆ. ಭಾಷಣಗಳಲ್ಲಿ ಇದನ್ನು ಹೇಳಿ ಚಪ್ಪಾಳೆ ತೆಗೆದುಕೊಂಡಿದ್ದೇನೆ. ಅದೇ ತಿರುಳಿನ ಮಗುವೊಂದು ತಾನು ಕೇಳಿದ್ದನ್ನು ಬರೆದಾಗ ನಗಿಸಿದವಳೂ ನಾನೇ.

ಬರವಣಿಗೆಗೆ ಒಂದು ರೂಢಿ ಬೇಕು, ನಿಜ. 'ಮೇಲೆ' ಎಂದು ಬರೆಯಲು ಕಲಿಸಲೇಬೇಕು. ಆದರೆ "ಇದು ಪುಸ್ತಕದ ಮಾತು, ಅದು ನಿಮ್ಮವ್ವನ ಮಾತು, ಎರಡೂ ಕನ್ನಡವೇ" ಎಂದು ಹೇಳಲು ನನಗೆ ಅರ್ಧ ನಿಮಿಷವೂ ಬೇಕಿರಲಿಲ್ಲ. ಆಮೇಲಿನ ಮಕ್ಕಳಿಗೆಲ್ಲ ಹಾಗೆಯೇ ಹೇಳಿದೆ. ಕೇಳಬೇಕಾಗಿದ್ದವಳು ಮಾತ್ರ ಅಷ್ಟರಲ್ಲಿ ಶಾಲೆ ಬಿಟ್ಟಿದ್ದಳು.