ಹಳೆಯ ಮನೆಗೊಂದು ಕಚ್ಚಾ ನಕ್ಷೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರು ಹಳೆಯ ಮನೆಯನ್ನು ಕೆಡವದೆ ಹೊಸದಾಗಿಸುವ ಸಾಹಸಕ್ಕೆ ಕೈ ಹಾಕಿರಲಿಕ್ಕಿಲ್ಲ. ಹಾಕಿದ್ದರೆ ಗಾದೆಗೆ ಮೂರನೆಯ ಪಾದವೊಂದು ಸೇರಿಕೊಳ್ಳುತ್ತಿತ್ತು. ಬರಿಯ ನಿವೇಶನ ಎದುರು ಮಾತನಾಡುವುದಿಲ್ಲ. ಹಳೆಯ ಮನೆಯಲ್ಲಾದರೋ ಒಂದೊಂದು ಗೋಡೆಯ ಪರವಾಗಿಯೂ ವಾದಿಸುವವರೊಬ್ಬರು ಇದ್ದೇ ಇರುತ್ತಾರೆ.

ಬಂಟ್ವಾಳದಲ್ಲಿ, ನೇತ್ರಾವತಿಗೆ ಕೂಗಳತೆಯ ದೂರದಲ್ಲಿರುವ ಮನೆಯೊಂದರ ಯಜಮಾನರಿಗೆ ಇದು ಅರಿವಾಗಲು ಒಂದು ಮಳೆಗಾಲವೇ ಹಿಡಿಯಿತು. ಅವರು ನಿವೃತ್ತ ಉಪಾಧ್ಯಾಯರು. ಮನೆ ತಂದೆಯ ಕಾಲದ್ದು: ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಮುಂದೆ ಜಗಲಿ, ಒಳಗೆ ಚಾವಡಿ, ಅದರಾಚೆ ಹಗಲಿನಲ್ಲಿಯೂ ದೀಪ ಬೇಡುವ ಕೋಣೆಗಳು. (1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆಯೇ ಅಲ್ಲವೆ ಈ ಸೀಮೆಯ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಕೆಂಪೇರಿದುದು!) ಬಚ್ಚಲು ಮಾತ್ರ ಅಂಗಳದಾಚೆ, ಬಾವಿಯ ಬಳಿ. ಎಂಬತ್ತು ದಾಟಿದ ಅವರ ತಾಯಿ ಆಟಿ ತಿಂಗಳ ಒಂದು ರಾತ್ರಿ ಅಲ್ಲಿಗೆ ಹೊರಟವರು ಪಾಚಿಯ ಮೇಲೆ ಜಾರಿ ಬಿದ್ದರು. ಎಲುಬು ಮುರಿಯಲಿಲ್ಲ, ಧೈರ್ಯ ಮುರಿಯಿತು. ಅಂದಿನಿಂದ ಸಂಜೆಯಾದ ಮೇಲೆ ನೀರು ಕುಡಿಯುವುದನ್ನೇ ಅವರು ಬಿಟ್ಟುಬಿಟ್ಟರು. ಮನೆಯ ರಿಪೇರಿಯ ಮಾತು ಎದ್ದುದು ಹೀಗೆ.

ಯಜಮಾನರು ಮೂವರನ್ನು ಕರೆಸಿದರು. ಮೂವರೊಡನೆಯೂ ಹೇಳಿದುದು ಒಂದೇ ಮಾತು: "ಮನೆಯನ್ನು ಸ್ವಲ್ಪ ಸರಿಮಾಡಿಸಬೇಕು." ಮೂಡಬಿದಿರೆಯಿಂದ ಬಂದ ಇಂಜಿನಿಯರರಿಗೆ ಆ 'ಸ್ವಲ್ಪ'ದಲ್ಲಿ ಮಾಡು ಇಳಿಸಿ ತಾರಸಿ ಹಾಕುವ ಕೆಲಸ ಕಂಡಿತು. ಬೆಳ್ತಂಗಡಿಯ ಮೇಸ್ತ್ರಿಗೆ ಗೆದ್ದಲು ಹಿಡಿದ ಪಕ್ಕಾಸು, ಒಡೆದ ಹೆಂಚು, ಸವೆದ ನೆಲ ಕಂಡವು. ಊರಿನ ಗುತ್ತಿಗೆದಾರರು ಚಾವಡಿಯ ಗೋಡೆ ಒಡೆದು ದೊಡ್ಡದೊಂದು ಹಾಲ್ ಮಾಡಿಬಿಡೋಣವೆಂದರು. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ದಿನಕ್ಕೆ ಹತ್ತು ಚಿತ್ರ ಕಳುಹಿಸತೊಡಗಿದ. ಎಲ್ಲದರಲ್ಲಿಯೂ ಗೋಡೆಯಿಲ್ಲದ ಅಡುಗೆಮನೆ!

ಅಂದಾಜುಗಳು ಬಂದವು. ಒಂದರ ಇಮ್ಮಡಿ ಇನ್ನೊಂದು. ಮೂರನೆಯದು ಅದನ್ನೂ ಮೀರಿದ್ದು. ಅಗ್ಗವಾವುದು, ದುಬಾರಿಯಾವುದು? ಒಬ್ಬರು ತೆಂಗಿನಕಾಯಿಗೂ ಇನ್ನೊಬ್ಬರು ಅಡಕೆಗೂ ದರ ಹೇಳಿದರೆ ತಕ್ಕಡಿ ಏನು ಮಾಡೀತು? ಮೂವರಲ್ಲಿ ಯಾರೂ ಮೋಸಗಾರರಲ್ಲ. ಬೇಕಾದುದೇನೆಂದು ಕೇಳಿದವರಿಗೇ ತಿಳಿಯದಿದ್ದಾಗ ಕೇಳಿಸಿಕೊಂಡವರು ತಮ್ಮ ತಮ್ಮ ಮನೆಯನ್ನು ಕಟ್ಟಿಕೊಂಡರು, ಅಷ್ಟೆ. ಆ ಹಾಳೆಗಳನ್ನು ಕನ್ನಡಕವೇರಿಸಿಕೊಂಡು ಓದಿ ಮುಗಿಸಿದ ಗೃಹಿಣಿ ಒಂದು ಮಾತು ಕೇಳಿದರು: "ಇದರಲ್ಲಿ ಅತ್ತೆಯ ಬಚ್ಚಲು ಎಲ್ಲಿದೆ?"

ಮೂರರಲ್ಲಿಯೂ ಇರಲಿಲ್ಲ.

ಅಂದು ಮಧ್ಯಾಹ್ನವೇ ಆಕೆ ಟೇಪು ಹಿಡಿದು ಮನೆಯನ್ನು ಅಳೆಯತೊಡಗಿದರು. ಮೊಮ್ಮಗಳ ಚೌಕುಳಿ ಪುಸ್ತಕದ ಹಾಳೆ, ಒಂದು ಚೌಕಕ್ಕೆ ಒಂದು ಅಡಿ. ಮೊದಲ ಹಾಳೆಯಲ್ಲಿ ಇರುವ ಮನೆ ಇರುವಂತೆಯೇ. ಎರಡನೆಯದರಲ್ಲಿ ಮುಟ್ಟಬಾರದವು: ದೇವರ ಕೋಣೆ, ತುಳಸಿಕಟ್ಟೆ, ಬಾವಿ, ಚಾವಡಿಯ ಮರದ ಕಂಬಗಳು. ಮೂರನೆಯದರಲ್ಲಿ ಬೇಕಾದವು. ಅತ್ತೆಗೆ ಚಾವಡಿಯ ಪಕ್ಕದ ಕೋಣೆ. ಅದಕ್ಕೆ ಅಂಟಿ ಬಚ್ಚಲು. ಬಾಗಿಲು ಮೂರು ಅಡಿ, ಮೆಟ್ಟಿಲು ಕೂಡದು, ಗೋಡೆಗೆ ಹಿಡಿಕೆ. ನೈಋತ್ಯದಿಂದ ಎರಚಲು ಹೊಡೆಯುವುದರಿಂದ ಆ ಕಡೆಯ ಸೂರು ಕುಗ್ಗಿಸಬಾರದು. ಉಗ್ರಾಣದ ಗೋಡೆಯಲ್ಲಿ 1974ರ ನೆರೆಯ ನೀರು ನಿಂತ ಗುರುತನ್ನು ಮಾವನವರು ಗೀರಿಟ್ಟಿದ್ದರು. ವಿದ್ಯುತ್ತಿನ ಗುಂಡಿಗಳು ಅದಕ್ಕಿಂತ ಮೇಲಿರಬೇಕು. 1923ರ ನೆರೆಯ ಕಥೆ ಕೇಳಿ ಬೆಳೆದ ಊರು ಅದು. ಹೊರಗಿನಿಂದ ಬಂದ ಇಂಜಿನಿಯರರಿಗೆ ಆ ಗೀರು ತಿಳಿಯುವ ಬಗೆಯೆಂತು? ಅಂಚಿನಲ್ಲಿ ಇನ್ನೆರಡು ಸಾಲು: ಕೈಯಲ್ಲಿರುವ ಹಣವೆಷ್ಟು ಎಂಬುದು ಮತ್ತು ಪತ್ತನಾಜೆಯೊಳಗೆ ಮಾಡು ಮುಚ್ಚಬೇಕೆಂಬುದು.

ಇಂಥದನ್ನೇ ಬಲ್ಲವರು ಕಲ್ಪನೆಯ ನಕ್ಷೆ, ಕಚ್ಚಾ ನಕ್ಷೆ ಎಂದು ಕರೆಯುವುದು. ಇದರಿಂದ ಮನೆ ಕಟ್ಟಲಾಗದು, ಪುರಸಭೆಯ ಪರವಾನಗಿಯೂ ದೊರೆಯದು. ಕಟ್ಟಬಲ್ಲವರೊಡನೆ ಮಾತಿಗೆ ಕುಳಿತುಕೊಳ್ಳಲು ಹಾಸುವ ಚಾಪೆ ಇದು. ಮೂಡಬಿದಿರೆಯ ಸಾವಿರ ಕಂಬದ ಬಸದಿಯ ಕೆಲಸ ಮೊದಲಾದುದು 1430ರಲ್ಲಿ. ಮುಂಭಾಗದ ಮಂಟಪಗಳು ಆಮೇಲೆ ಸೇರಿದವು. ಬೆಸುಗೆ ಎಲ್ಲಿಯೆಂದು ನೋಡುವವರಿಗೆ ಥಟ್ಟನೆ ತೋರದು. ಸೇರಿಸಿದವರು ಇದ್ದುದನ್ನು ಮೊದಲು ಚೆನ್ನಾಗಿ ನೋಡಿರಬೇಕು.

ಅದೇ ಮೂವರು ಮತ್ತೆ ಬಂದರು; ಈ ಸಲ ಮೂವರಿಗೂ ಒಂದೇ ಹಾಳೆಯ ಪ್ರತಿ. ಸ್ವಾರಸ್ಯವಿರುವುದು ಇಲ್ಲಿಯೇ. ಇಂಜಿನಿಯರರು ನಕ್ಷೆಯನ್ನು ತಲೆಬಾಗಿ ಒಪ್ಪಿಕೊಳ್ಳಲಿಲ್ಲ. ಆಕೆ ತೆಗೆಯಬೇಕೆಂದು ಗೀಟು ಹಾಕಿದ್ದ ಗೋಡೆಯ ಮೇಲೆಯೇ ಪಕ್ಕಾಸುಗಳು ಕುಳಿತಿದ್ದುವು! ಅದನ್ನು ಕೆಡವಿದರೆ ತೊಲೆ ಕೊಡಬೇಕು, ಖರ್ಚು ಏರುತ್ತದೆ. ಬಾಗಿಲೊಂದನ್ನು ಅಗಲಿಸಿ ಕಿಟಕಿಯೊಂದನ್ನು ತೆರೆದರೆ ಸಾಲದೆ ಎಂದರು. ಸಾಕಾಗಿತ್ತು. ಮೇಸ್ತ್ರಿ ಹಾಳೆಯನ್ನು ಅತ್ತಿತ್ತ ತಿರುಗಿಸಿ, "ಅಕ್ಕಾ, ಬಾವಿ ಇತ್ತ ಕಡೆ, ನಿಮ್ಮ ಶೌಚದ ಗುಂಡಿಯೂ ಇತ್ತಲೇ ಬಂದಿದೆಯಲ್ಲ" ಎಂದಾಗ ಆಕೆ ನಾಲಿಗೆ ಕಚ್ಚಿಕೊಂಡರು. ಗುಂಡಿ ಮನೆಯ ಮತ್ತೊಂದು ಮಗ್ಗುಲಿಗೆ ಹೋಯಿತು. ನಕ್ಷೆಯಿಲ್ಲದಿದ್ದರೆ ಈ ತಪ್ಪು ಕಾಗದದ ಮೇಲಲ್ಲ, ನೆಲದಲ್ಲಿಯೇ ಆಗುತ್ತಿತ್ತು.

ಈಗ ಬಂದ ಅಂದಾಜುಗಳ ಅಂತರ ಅಷ್ಟಾಗಿರಲಿಲ್ಲ. ಇದ್ದಷ್ಟನ್ನು ಸಾಲು ಸಾಲಾಗಿ ಹೋಲಿಸಬಹುದಿತ್ತು. ಮರಕ್ಕೆ ಒಬ್ಬರು ಹೆಚ್ಚು ಹಾಕಿದ್ದರೆ ಕಾರಣ ಕೇಳಬಹುದಿತ್ತು. ಯಜಮಾನರು ಶಾಲೆಯ ಅಭ್ಯಾಸಬಲದಿಂದ ಕೆಂಪು ಶಾಯಿಯಲ್ಲಿ ಗುರುತು ಹಾಕಿದರು. (ಆರ್ಕಿಟೆಕ್ಟ್ ಎಂಬ ಬೋರ್ಡು ಕಂಡಲ್ಲಿ ನೋಂದಣಿ ವಿಚಾರಿಸುವುದೂ ಒಳ್ಳೆಯದೇ, ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳದವರು ಆ ಹೆಸರು ಹಚ್ಚಿಕೊಳ್ಳುವಂತಿಲ್ಲವೆಂದು 1972ರ ಕಾನೂನು ಹೇಳುತ್ತದೆ.) ವಿನ್ಯಾಸ ಇಂಜಿನಿಯರರದು, ಕೆಲಸ ಮೇಸ್ತ್ರಿಯದು ಎಂದು ನಿಶ್ಚಯವಾಗಿ, ಕಂತು ಕಂತಾಗಿ ಹಣ ಕೊಡುವ ಕರಾರಿಗೆ ಆ ಹಾಳೆಯೇ ಲಗತ್ತಾಯಿತು. ಗೋಡೆಯಿಲ್ಲದ ಅಡುಗೆಮನೆ ಬಿದ್ದುಹೋಯಿತು. ಒಗ್ಗರಣೆಯ ಘಾಟು ಚಾವಡಿಗೆ ಬರಕೂಡದೆಂದು ಅತ್ತೆ ಸೊಸೆಯರು ಒಮ್ಮತದಿಂದ ತೀರ್ಮಾನಿಸಿದ್ದರು. ಮಗ ಎರಡು ವಾರ ಸರಿಯಾಗಿ ಮಾತನಾಡಲಿಲ್ಲ.

ದೀಪಾವಳಿ ಕಳೆದ ಮೇಲೆ ಕೆಲಸ ಹಿಡಿದರು. ಪತ್ತನಾಜೆಗೆ ಮಾಡು ಮುಚ್ಚಿತು. ಬಣ್ಣ ಬಾಕಿ ಉಳಿಯಿತು, ಕಿಟಕಿಯೊಂದಕ್ಕೆ ಇನ್ನೂ ಕದವಿರಲಿಲ್ಲ. ಮೊದಲ ಮಳೆ ಹೆಂಚಿನ ಮೇಲೆ ಸದ್ದು ಮಾಡಿದ ರಾತ್ರಿ, ಮಲಗುವ ಮುನ್ನ ಆ ಮುದುಕಿ ಸೊಸೆಯನ್ನು ಕೂಗಿ, ತಾಮ್ರದ ಚೊಂಬಿನಲ್ಲಿ ನೀರು ತುಂಬಿಸಿ ಮಂಚದ ಪಕ್ಕದಲ್ಲಿ ಇಡಹೇಳಿದರು.