ಕುದುರೆಯ ಮೈಮೇಲಿನ ಕೈ

ಬೆಳಗಾವಿಯ ಚನ್ನಮ್ಮ ವೃತ್ತವನ್ನು ಹಾದುಹೋಗುವವರು ಅಶ್ವಾರೂಢಳಾದ ಕಿತ್ತೂರು ರಾಣಿಯನ್ನು ಕಂಡು ಮನದಲ್ಲಿಯೇ ವಂದಿಸುತ್ತಾರೆ. 1824ರ ಆ ಸಮರದ ಕಥೆ ನಮ್ಮ ಮನೆಯ ಮಕ್ಕಳಿಗೂ ಬಾಯಿಪಾಠ. ಆದರೆ ಅಂದಿನ ಕುದುರೆಗಳ ಮೈ ತಿಕ್ಕಿ, ಗೊರಸು ತೊಳೆದು, ಅವನ್ನು ಸವಾರಿಗೆ ಸಿದ್ಧಗೊಳಿಸಿದ ಕೈಗಳು ಯಾರವೆಂದು ಕೇಳುವವರಿಲ್ಲ. ಅಂತಹ ಕೈಗಳ ಕಾಯಕವನ್ನು ಕುರಿತು, ನಾವು ಕಂಡುಂಡ ನಾಲ್ಕು ಮಾತುಗಳನ್ನು ಓದುಗ ಬಂಧುಗಳ ಮುಂದೆ ಇಡಬಯಸುತ್ತೇವೆ.

ಕುದುರೆಯ ಆರೈಕೆ ನಮ್ಮ ನಾಡಿಗೆ ಹೊಸದಲ್ಲ. ಶಾಲಿಹೋತ್ರ ಮುನಿಯ ಹೆಸರಿನಲ್ಲಿ ಅಶ್ವಶಾಸ್ತ್ರದ ಪರಂಪರೆಯೇ ಬೆಳೆದಿದೆ. ಕುದುರೆಯ ವೈದ್ಯನನ್ನು ಹಿಂದಿನವರು ‘ಸಾಲೋತ್ರಿ’ ಎನ್ನುತ್ತಿದ್ದುದು ಆ ಹೆಸರಿನಿಂದಲೇ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೂ, ಕೆಳದಿಯ ಬಸವಪ್ಪ ನಾಯಕನ ‘ಶಿವತತ್ತ್ವರತ್ನಾಕರ’ದಲ್ಲಿಯೂ ಅಶ್ವವಿಷಯಕ್ಕೆ ಸ್ಥಾನ ದೊರೆತಿದೆ. ಅರಸರು ಕುದುರೆಯನ್ನು ಏರಿದಷ್ಟೇ ಅಲ್ಲ, ಅದನ್ನು ಅರಿಯಲೂ ಯತ್ನಿಸಿದರು.

ಖಾನಾಪುರದ ನಮ್ಮ ಮನೆಯಲ್ಲಿ ಟಾಂಗಾ ಒಂದಿತ್ತು. ರೈಲು ನಿಲ್ದಾಣದಿಂದ ಊರೊಳಗೆ ಜನರನ್ನೂ ಗಂಟುಮೂಟೆಗಳನ್ನೂ ತರುವುದು ನಮ್ಮ ಚಿಕ್ಕಪ್ಪನವರ ಕಾಯಕ. ಸಂಜೆ ಕುದುರೆಯನ್ನು ಬಿಚ್ಚಿದೊಡನೆ ಅವರು ತಾವು ನೀರು ಕುಡಿಯುತ್ತಿರಲಿಲ್ಲ. ಮೊದಲು ಬೆವರು ಆರುವತನಕ ಅದನ್ನು ಮೆಲ್ಲನೆ ನಡೆಸುವರು. ಬಳಿಕ ಒಣಹುಲ್ಲನ್ನು ಹೊಸೆದು ಸಿಂಬಿ ಮಾಡಿ, ಕೂದಲು ಬಾಗಿದ ದಿಕ್ಕಿಗೇ ಮೈ ಉಜ್ಜುವರು. ಕೊನೆಗೆ ಬರಿಯ ಅಂಗೈಯಿಂದ ಕುತ್ತಿಗೆ, ಭುಜ, ಸೊಂಟ, ತೊಡೆಗಳ ಮಾಂಸಖಂಡಗಳನ್ನು ಒತ್ತಿ ಒತ್ತಿ ಮಾಲೀಸು ಮಾಡುವರು. ಎಲುಬು ಹತ್ತಿರವಿರುವಲ್ಲಿ ಕೈ ಹಗುರ. ಗಾಯವಿದ್ದಲ್ಲಿ, ಬಾವು ಬಂದಲ್ಲಿ ಒತ್ತುವುದೇ ಇಲ್ಲ. ಖಾನಾಪುರದ ಮಳೆಗಾಲದ ಕೆಸರಿನಲ್ಲಿ ಗೊರಸಿನ ಅಡಿ ಕೊಳೆಯುವುದುಂಟಾದ್ದರಿಂದ, ನಾಲ್ಕೂ ಕಾಲು ಎತ್ತಿ ನೋಡಿ ಒರೆಸಿದ ಮೇಲೆಯೇ ಕೆಲಸ ಮುಗಿಯಿತೆಂದು ಅರ್ಥ.

ಈ ಮಾಲೀಸಿನ ದೊಡ್ಡ ಫಲ ಕುದುರೆಗೆ ಸಿಗುವ ಸುಖವೊಂದೇ ಅಲ್ಲ, ಕೈಗೆ ಸಿಗುವ ಅರಿವು ಕೂಡ. ಜೀನು ತಾಗಿ ಚರ್ಮ ಎಲ್ಲಿ ಬಿಸಿಯಾಗಿದೆ, ಯಾವ ಕಾಲಿನ ನರ ಊದಿದೆ, ಎಲ್ಲಿ ಮುಟ್ಟಿದರೆ ಕುದುರೆ ಬೆಚ್ಚುತ್ತದೆ ಎಂಬುದು ನಿತ್ಯ ಮುಟ್ಟುವ ಕೈಗೆ ಮಾತ್ರ ತಿಳಿದೀತು. ಸುಖವೂ ಸುಳ್ಳಲ್ಲ. ಕುದುರೆಗಳು ಪರಸ್ಪರ ಹಲ್ಲಿನಿಂದ ತುರಿಸಿಕೊಳ್ಳುವ ಕುತ್ತಿಗೆಯ ಬುಡದ ಜಾಗವನ್ನು ಕೈಯಿಂದ ತುರಿಸಿದರೆ ಅವುಗಳ ಹೃದಯದ ಬಡಿತ ನಿಧಾನವಾಗುವುದನ್ನು ಫ್ರಾನ್ಸಿನಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅದನ್ನು ಚಿಕ್ಕಪ್ಪನವರು ಕುದುರೆಯ ಜೋತ ತುಟಿಯಲ್ಲಿಯೂ ಅರೆಮುಚ್ಚಿದ ಕಣ್ಣಿನಲ್ಲಿಯೂ ಓದುತ್ತಿದ್ದರು.

ಇಂದು ಕುದುರೆಗಳಿಗೆ ಮತ್ತೊಂದು ಬಗೆಯ ಚಿಕಿತ್ಸೆಯೂ ಬಂದಿದೆ. 1922ರ ಸುಮಾರಿಗೆ ಜಪಾನಿನ ಮಿಕಾವೊ ಉಸುಯಿ ಎಂಬವರು ಆರಂಭಿಸಿದ ರೇಖಿ ಪದ್ಧತಿಯನ್ನು ಪಶುಗಳಿಗೂ ಅನ್ವಯಿಸಿ, ಅಂಗೈಯಿಂದ ಪ್ರಾಣಶಕ್ತಿ ಹರಿಸಿ ರೋಗ ಕಳೆಯುವೆವೆಂದು ಹೇಳುವವರಿದ್ದಾರೆ. ಇದರ ಪರೀಕ್ಷೆ ನಮ್ಮ ಮನೆಯಂಗಳದಲ್ಲಿಯೇ ನಡೆಯಿತು.

1996ರ ಆಷಾಢದ ಒಂದು ರಾತ್ರಿ. ನಮ್ಮ ಕುದುರೆ ನೆಲ ಕೆರೆಯಿತು; ತಿರುತಿರುಗಿ ಪಕ್ಕೆಯನ್ನೇ ನೋಡಿತು; ಬಿದ್ದು ಹೊರಳಲಾರಂಭಿಸಿತು. ಹೊಟ್ಟೆಶೂಲೆಯೆಂದು ಚಿಕ್ಕಪ್ಪನವರು ಕೂಡಲೇ ಅರಿತರು. ಅಂದು ಮನೆಗೆ ಬಂದಿದ್ದ ಅತಿಥಿಯೊಬ್ಬರು ಈ ವಿದ್ಯೆಯನ್ನು ಕಲಿತವರು. “ವೈದ್ಯರು ಬೇಡ, ಕೈಯಿಟ್ಟು ವಾಸಿ ಮಾಡುವೆ” ಎಂದರು. ಹಿರಿಯರಲ್ಲಿ ಕೆಲವರು ಒಲಿದರು. ಹೊರಗೆ ಧಾರಾಕಾರ ಮಳೆ, ಕೈಯಲ್ಲಿ ಹಣವೂ ಕಡಿಮೆ. ಆಗ ನಮ್ಮ ತಾಯಿಯವರು, “ಕೈಯಿಡಲಿ, ಯಾರು ಬೇಡವೆಂದರು? ಆದರೆ ಡಾಕ್ಟರರಿಗೆ ಹೇಳಿಕಳಿಸಿಯೇ ಕೈಯಿಡಲಿ” ಎಂದರು. ಆ ಮಾತು ನಡೆಯಿತು.

ಕುದುರೆಗೆ ವಾಂತಿ ಮಾಡುವ ಶಕ್ತಿಯಿಲ್ಲ. ಹೊಟ್ಟೆಯಲ್ಲಿ ಅನಿಲವೋ ನೀರೋ ತುಂಬಿ ಬಿಗಿದರೆ ಜಠರವೇ ಒಡೆದೀತು. ಪಶುವೈದ್ಯರು ಬಂದು, ಮೂಗಿನಿಂದ ಜಠರಕ್ಕೆ ಕೊಳವೆ ಇಳಿಸಿ ಒತ್ತಡ ಕಳೆದು, ನೋವಿಗೆ ಸೂಜಿಮದ್ದು ಚುಚ್ಚಿದರು. ಅಲ್ಲಿಯವರೆಗೂ ಚಿಕ್ಕಪ್ಪನವರು ಅದರ ಕುತ್ತಿಗೆ ನೇವರಿಸುತ್ತ, ಹೊರಳಗೊಡದೆ ಅಂಗಳದಲ್ಲಿ ನಡೆಸುತ್ತಿದ್ದರು. ಬೆಳಗಿನ ಜಾವ ಕುದುರೆ ಲದ್ದಿ ಹಾಕಿದಾಗ ಮನೆಮಂದಿಯೆಲ್ಲ ಹಬ್ಬದಂತೆ ಸಂಭ್ರಮಿಸಿದೆವು. ಮನೆಯ ಅನ್ನವೇ ಅದರ ಬೆನ್ನ ಮೇಲಿತ್ತು.

ಅತಿಥಿಗಳ ಸದ್ಭಾವನೆಯನ್ನು ನಾವು ಹೀಗಳೆಯುವುದಿಲ್ಲ. ಶಾಂತಚಿತ್ತದಿಂದ ಬಳಿ ನಿಂತವರಿಂದ ಕುದುರೆಗೆ ಸಮಾಧಾನವಾಗುವುದುಂಟು. ಆದರೆ ಅಂಗೈಯಿಂದ ಹರಿಯುವ ಶಕ್ತಿ ರೋಗವನ್ನು ಗುಣಪಡಿಸಿತೆಂಬುದಕ್ಕೆ ನಂಬಲರ್ಹ ಸಾಕ್ಷ್ಯವಿಲ್ಲ. ಮಾಲೀಸು ಸಹ ಧನುರ್ವಾಯುವಿಗಾಗಲಿ ಶೂಲೆಗಾಗಲಿ ಮದ್ದಲ್ಲ. ಸಮಾಧಾನ ಬೇರೆ, ಚಿಕಿತ್ಸೆ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂಡಿಸಿದರೆ ಬಾಯಿಲ್ಲದ ಜೀವ ಅದರ ಬೆಲೆ ತೆರಬೇಕಾಗುತ್ತದೆ.

ಆಟೋರಿಕ್ಷಾಗಳ ಭರದಲ್ಲಿ ನಮ್ಮ ಟಾಂಗಾ ಮೂಲೆ ಸೇರಿತು. ಆದರೂ ಜಿಲ್ಲೆಯ ಜಾತ್ರೆಗಳ ಶರ್ಯತ್ತಿನ ಗಾಡಿಗಳಲ್ಲಿ, ಬೆಳಗಾವಿಯ ಮದುವೆಯ ಮೆರವಣಿಗೆಗಳಲ್ಲಿ ಕುದುರೆಗಳು ದುಡಿಯುತ್ತಲೇ ಇವೆ. ಮನೆಯಲ್ಲಿ ಮಂಗಲಕಾರ್ಯವಿದ್ದು ಕುದುರೆಯನ್ನು ಕರೆಸುವ ಬಂಧುಗಳು, ವರನನ್ನು ಏರಿಸುವ ಮುನ್ನ ಜೀನಿನ ಕೆಳಗೊಮ್ಮೆ ಕೈಯಾಡಿಸಿ ನೋಡಲಿ. ಗಾಯ ಕಂಡರೆ ಸವಾರಿ ಬೇಡವೆನ್ನಲಿ. ವಾದ್ಯ, ಪಟಾಕಿಗಳಿಂದ ಅದನ್ನು ದೂರವಿರಿಸಿ, ಒಂದು ಬಕೆಟ್ ನೀರು ಇಡಲಿ. ಸಾಕಿದವರು ಅದರ ನಾಡಿ ನೋಡುವುದನ್ನು ಕಲಿಯಲಿ: ವಿಶ್ರಾಂತಿಯಲ್ಲಿರುವ ಬೆಳೆದ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಅದು 60 ದಾಟಿ, ಕುದುರೆ ಪಕ್ಕೆ ನೋಡುತ್ತಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಸಬೇಕು. ಅವರು ಬರುವ ತನಕ ಕುತ್ತಿಗೆಯ ಮೇಲೆ ಒಂದು ಕೈ ಇದ್ದೇ ಇರಲಿ.